ಇಪ್ಪತ್ತು ರೂಪಾಯಿಯ ದಲಾಲಿ: ಝೆರೋಧಾ ಬೆಳೆದ ಬಗೆ

ರಾಯಚೂರಿನ ಮಾರುಕಟ್ಟೆಗೆ ಹತ್ತಿ ಒಯ್ಯುವ ಕೃಷ್ಣಾ, ಮಕ್ತಲ್ ಸೀಮೆಯ ರೈತನಿಗೆ ದಲಾಲಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಮಾಲಿನ ಬೆಲೆ ಏರಿದಷ್ಟೂ ದಲಾಲಿಯ ಮೊತ್ತವೂ ಏರುತ್ತದೆ. ಷೇರು ಪೇಟೆಯಲ್ಲಿಯೂ ಬಹುಕಾಲ ಇದೇ ರೂಢಿಯಿತ್ತು. ನೂರಕ್ಕೆ ಅರ್ಧ ರೂಪಾಯಿ ದಲಾಲಿ ಎಂದರೆ ಒಂದು ಲಕ್ಷದ ಷೇರಿಗೆ 500 ರೂಪಾಯಿ. ಈ ಲೆಕ್ಕವನ್ನು ತಲೆಕೆಳಗು ಮಾಡಿದ ಸಂಸ್ಥೆ ಬೆಂಗಳೂರಿನ ಝೆರೋಧಾ.

ರಾತ್ರಿ ಕಾಲ್ ಸೆಂಟರಿನಲ್ಲಿ ದುಡಿದು ಹಗಲು ಷೇರು ವ್ಯವಹಾರ ನಡೆಸುತ್ತಿದ್ದ ನಿತಿನ್ ಕಾಮತ್, 2010ರ ಆಗಸ್ಟ್ 15ರಂದು ಇದನ್ನು ಆರಂಭಿಸಿದರು. ತಮ್ಮ ನಿಖಿಲ್ ಜೊತೆಗೂಡಿದರು. ‘ಝೀರೋ’ ಮತ್ತು ಸಂಸ್ಕೃತದ ‘ರೋಧ’ ಸೇರಿ ಹುಟ್ಟಿದ ಹೆಸರಿಗೆ ತಡೆಯಿಲ್ಲದ್ದು ಎಂಬ ಅರ್ಥ. ವ್ಯವಹಾರ ಎಷ್ಟೇ ದೊಡ್ಡದಿರಲಿ, ಆದೇಶವೊಂದಕ್ಕೆ ಹೆಚ್ಚೆಂದರೆ 20 ರೂಪಾಯಿ ಎಂಬುದು ಅದರ ನಿಯಮ. 2015ರ ಕೊನೆಯಲ್ಲಿ, ಷೇರು ಕೊಂಡು ಖಾತೆಯಲ್ಲಿ ಇಟ್ಟುಕೊಳ್ಳುವವರಿಗೆ ದಲಾಲಿಯನ್ನೇ ತೆಗೆದುಹಾಕಲಾಯಿತು. ಸರಕಾರದ ತೆರಿಗೆ ಮತ್ತು ಇತರ ಶುಲ್ಕಗಳು ಮಾತ್ರ ಉಳಿದವು. ಹೊರಗಿನ ಹೂಡಿಕೆದಾರರ ಬಂಡವಾಳ ಪಡೆಯದೆಯೇ ಸಂಸ್ಥೆ ಬೆಳೆಯಿತು. 2023–24ರಲ್ಲಿ ಅದರ ಆದಾಯ ಸುಮಾರು 8,320 ಕೋಟಿ, ಲಾಭ ಸುಮಾರು 4,700 ಕೋಟಿ ರೂಪಾಯಿ. ಗ್ರಾಹಕರ ಸಂಖ್ಯೆಯಲ್ಲಿ ಅದನ್ನು 2023ರಲ್ಲಿ ಹಿಂದಿಕ್ಕಿದ ‘ಗ್ರೋ’ ಸಹ ಬೆಂಗಳೂರಿನದೇ.

ಇದು ಹೊಸ ದಾರಿಯಲ್ಲ. ಅಮೆರಿಕದಲ್ಲಿ 1975ರ ಮೇ 1ರಂದು ನಿಗದಿತ ದಲಾಲಿಯ ಪದ್ಧತಿ ರದ್ದಾದಾಗ ಚಾರ್ಲ್ಸ್ ಶ್ವಾಬ್ ಅಗ್ಗದ ದಲಾಲಿಯ ಅಂಗಡಿ ತೆರೆದರು. ಆ ಸಂಸ್ಥೆ 2003ರಲ್ಲಿ ತನ್ನದೇ ಬ್ಯಾಂಕನ್ನೂ ಸ್ಥಾಪಿಸಿತು. ಝೆರೋಧಾ ಬ್ಯಾಂಕಲ್ಲ, ಆದರೆ ಅದರ ಬಳಗದ ಹಣಕಾಸು ಸಂಸ್ಥೆ ಷೇರುಗಳ ಅಡಮಾನದ ಮೇಲೆ ಸಾಲ ನೀಡುತ್ತದೆ. ಮ್ಯೂಚುವಲ್ ಫಂಡ್ ಸಂಸ್ಥೆಯೂ ಅದಕ್ಕಿದೆ.

ಷೇರು ಕೊಂಡಿಡುವವರಿಂದ ದಲಾಲಿ ಬಾರದಿದ್ದರೆ ಸಾವಿರಾರು ಕೋಟಿ ಬರುವುದೆಲ್ಲಿಂದ? ದಿನದೊಳಗೇ ಕೊಂಡು ಮಾರುವವರಿಂದ. ಅದಕ್ಕಿಂತ ಹೆಚ್ಚಾಗಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದವರಿಂದ. ಕೊಂಡರೂ 20, ಮಾರಿದರೂ 20. ಕೈ ಎಷ್ಟು ಚುರುಕೋ ಸಂಸ್ಥೆಗೆ ಅಷ್ಟು ಆದಾಯ. ಗ್ರಾಹಕನ ಗತಿಯೇನು? 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ಕಳೆದುಕೊಂಡವರು. ತಲಾ ನಷ್ಟ ಸರಾಸರಿ ಎರಡು ಲಕ್ಷ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಇದೆಲ್ಲವೂ ಯಾವುದೋ ಒಂದು ಸಂಸ್ಥೆಯ ಗ್ರಾಹಕರ ಲೆಕ್ಕವಲ್ಲ, ಇಡೀ ದೇಶದ್ದು. ಆ ವರ್ಷದ ನವೆಂಬರಿನಿಂದ ಸೆಬಿ ಕರಾರಿನ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿ, ವಾರದ ಕರಾರುಗಳಿಗೂ ಕಡಿವಾಣ ಹಾಕಿತು.

ಸಣ್ಣ ಹಿಡುವಳಿಯ ಮನೆಯಲ್ಲಿ ಎರಡು ಲಕ್ಷವೆಂದರೆ ಒಂದು ಬೆಳೆಯ ಬಂಡವಾಳ, ಮಗಳ ಓದಿನ ಖರ್ಚು. ಹೊಲ ಹೋದರೆ ಊರಿಗೆಲ್ಲ ತಿಳಿಯುತ್ತದೆ. ಮೊಬೈಲಿನಲ್ಲಿ ಹೋದ ಹಣ ಮನೆಯವರಿಗೂ ತಿಳಿಯದು.

ಇನ್ನೊಂದು ಎಚ್ಚರವನ್ನು ತೆಲಂಗಾಣದವರು ಹತ್ತಿರದಿಂದಲೇ ಕಂಡಿದ್ದಾರೆ. ಗ್ರಾಹಕರ ಷೇರುಗಳನ್ನು ಅಡವಿಟ್ಟು ಸಾಲ ಪಡೆದ ಕಾರಣಕ್ಕೆ ಹೈದರಾಬಾದಿನ ಕಾರ್ವಿ ಸಂಸ್ಥೆಯ ಮೇಲೆ 2019ರ ನವೆಂಬರಿನಲ್ಲಿ ಸೆಬಿ ನಿರ್ಬಂಧ ಹೇರಿತು. ಕೊಂಡ ಷೇರು ಇರಬೇಕಾದದ್ದು ದಲ್ಲಾಳಿಯ ಬಳಿಯಲ್ಲ, ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನಲ್ಲಿ ಖಾತೆದಾರನ ಹೆಸರಿನಲ್ಲಿ. ಅಲ್ಲಿಂದ ನೇರವಾಗಿ ಬರುವ ಲೆಕ್ಕಪಟ್ಟಿಯನ್ನು ತಾಳೆ ನೋಡುವುದು, ಓಟಿಪಿಯನ್ನು ಯಾರಿಗೂ ಕೊಡದಿರುವುದು ಖಾತೆದಾರನದೇ ಹೊಣೆ.

ಅಗ್ಗದ ದಲಾಲಿಯಿಂದ ಸಣ್ಣ ಉಳಿತಾಯದವನಿಗೂ ದೊಡ್ಡ ಕಂಪನಿಗಳ ಪಾಲುದಾರನಾಗುವ ಅವಕಾಶ ದೊರೆತಿದೆ. ತಾಳ್ಮೆಯಿಂದ ಕೂಡಿಡುವವನಿಗೆ ಅದು ನಿಜವಾದ ಲಾಭ. ಆದರೆ ಅದೇ ಮೊಬೈಲಿನ ಅದೇ ಪರದೆಯಲ್ಲಿ ಜೂಜಿನಂಥ ವ್ಯವಹಾರವೂ ಇದೆ. ಹತ್ತರಲ್ಲಿ ಒಂಬತ್ತು ಮಂದಿ ನಷ್ಟ ಹೊಂದುತ್ತಾರೆಂಬ ಎಚ್ಚರಿಕೆಯನ್ನು ಗ್ರಾಹಕರಿಗೆ ತೋರಿಸಬೇಕೆಂದು ಸೆಬಿ 2023ರಿಂದ ಕಡ್ಡಾಯಗೊಳಿಸಿದೆ. ಓದದೆ ಮುಂದೆ ಒತ್ತುವ ಬದಲು, ಆ ಒಂದು ಸಾಲನ್ನು ಮನೆಯವರೆಲ್ಲ ಕುಳಿತು ಓದುವುದು ಲೇಸು.