ಗಿಂಡಿಯ ಕುದುರೆಯಿಂದ ಮಕ್ಕಳ ಮೊಬೈಲಿಗೆ

ಚೆನ್ನೈನ ಗಿಂಡಿ ರೇಸ್‌ಕೋರ್ಸ್. ಅಲ್ಲಿನ ಪಂದ್ಯಗಳ ಪ್ರಕರಣದಲ್ಲೇ, ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆನ್‌ಲೈನ್ ರಮ್ಮಿ ಕಂಪನಿಗಳು ಅದೇ ಕೌಶಲದ ವಾದ ಹಿಡಿದು ಕೋರ್ಟಿಗೆ ಹೋದವು. 2021ರಲ್ಲಿ ಇಂಥ ಆಟಗಳ ಮೇಲೆ ತಮಿಳುನಾಡು ಹೇರಿದ್ದ ನಿಷೇಧ ಬಿದ್ದುಹೋಯಿತು, 2022ರ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕದ್ದೂ.

ಆದರೆ ರೇಸ್‌ಕೋರ್ಸಿಗೆ ಗೇಟು ಇತ್ತು. ಮೊಬೈಲಿಗೆ ಅದೆಲ್ಲಿ? ಅಪ್ಪನ ಫೋನು, ಅಮ್ಮನ ಯುಪಿಐ ಪಿನ್ ಸಿಕ್ಕರೆ ಹದಿನಾಲ್ಕರ ಹುಡುಗನೂ ಆಟಕ್ಕಿಳಿಯುತ್ತಾನೆ. ಮೊದಲು ಸಣ್ಣ ಗೆಲುವು. ಆಮೇಲೆ, ಕಳೆದದ್ದನ್ನು ವಾಪಸ್ ಪಡೆದೇ ತೀರುವ ಹಟ. ಮಕ್ಕಳನ್ನು ಮುಳುಗಿಸುವುದು ಆ ಹಟವೇ.

2025ರ ಫೆಬ್ರುವರಿಯಲ್ಲಿ ತಮಿಳುನಾಡು ನಿಯಮ ತಂದಿತು: 18 ತುಂಬದವರಿಗೆ ಹಣದಾಟ ಇಲ್ಲ, ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ಲಾಗಿನ್ ಬಂದ್. ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು. ಆಡಿದವರಿಗೆ ಶಿಕ್ಷೆ ಇಲ್ಲ.

ಈ ಕೊನೆಯ ಮಾತನ್ನು ನಿಮ್ಮ ಮಕ್ಕಳಿಗೆ ಇವತ್ತೇ ಹೇಳಿ. ಕೇಸಿನ ಭಯಕ್ಕೆ ಅವರು ಬಾಯಿ ಮುಚ್ಚಿ ಕೂರಬಾರದು. ಪಿನ್ ಬದಲಿಸಿ. ದುಡ್ಡು ಹೋಗಿದ್ದರೆ, ಬೈಯುವ ಮುಂಚೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ವಂಚನೆಯಾಗಿದ್ದರೆ ಸೈಬರ್ ಸಹಾಯವಾಣಿ 1930, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಕೂಡಲೇ ಕರೆ ಮಾಡಿ.