ಕೂದಲು ಉದುರಿದರೆ ದಿನ ಎಣಿಸಿರಿ

ಹೆರಿಗೆಯಾಗಿ ಮೂರು ತಿಂಗಳಾದ ಹೆಣ್ಣುಮಗಳು ತಲೆ ಬಾಚಿದಾಗ ಬಾಚಣಿಗೆಯ ತುಂಬ ಕೂದಲು ಬಂದರೆ ಮನೆಮಂದಿಗೆಲ್ಲ ಗಾಬರಿಯಾಗುತ್ತದೆ. ನೀರು ಒಗ್ಗಲಿಲ್ಲವೆಂದು ಒಬ್ಬರು, ದೃಷ್ಟಿ ತಾಕಿತೆಂದು ಇನ್ನೊಬ್ಬರು ಹೇಳುತ್ತಾರೆ. ಮುಂದಿನ ಸಂತೆಯಲ್ಲಿ ನೂರಾರು ರೂಪಾಯಿಯ ಎಣ್ಣೆಯ ಸೀಸೆ ಮನೆಗೆ ಬರುತ್ತದೆ. ಆದರೆ ಕಾರಣವಿರುವುದು ಇಂದಿನ ನೀರಿನಲ್ಲಲ್ಲ, ಮೂರು ತಿಂಗಳ ಹಿಂದೆ. ಅದು ಹೇಗೆಂದು ತಿಳಿಯಬೇಕಾದರೆ ಕೂದಲು ಬೆಳೆಯುವ ಕ್ರಮವನ್ನು ತಿಳಿಯಬೇಕು.

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ಚರ್ಮದೊಳಗಿನ ಒಂದು ಸಣ್ಣ ಕುಳಿಯಿಂದ ಹುಟ್ಟುತ್ತದೆ. ಜೀವವಿರುವುದು ಆ ಕುಳಿಯ ತಳದಲ್ಲಿ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಜವಳ ತೆಗೆಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ಮಾತು ಇದಕ್ಕಾಗಿಯೇ ನಿಲ್ಲುವುದಿಲ್ಲ. ಕತ್ತಿ ಮುಟ್ಟುವುದು ಎಳೆಯನ್ನು, ಕುಳಿಯನ್ನಲ್ಲ. ಮುಡಿ ಕೊಡುವುದು ಭಕ್ತಿಯ ವಿಷಯ, ಅದರ ಮಾತು ಬೇರೆ.

ತಲೆಗೂದಲು 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರು. ಆಮೇಲೆ ಎರಡು ಮೂರು ವಾರಗಳಲ್ಲಿ ಕುಳಿ ಮುದುಡಿಕೊಳ್ಳುತ್ತದೆ. ಅನಂತರ ಸುಮಾರು 3 ತಿಂಗಳ ವಿಶ್ರಾಂತಿ. ಈ ವಿಶ್ರಾಂತಿಯಲ್ಲಿ ಹಳೆಯ ಕೂದಲು ತಲೆಯಲ್ಲಿಯೇ ಇರುತ್ತದೆ, ಬೆಳೆಯುವುದಿಲ್ಲ, ಅಷ್ಟೆ. ಕೊನೆಗೆ ಅದು ಉದುರಿ, ಅದೇ ಕುಳಿಯಲ್ಲಿ ಹೊಸದು ಹುಟ್ಟುತ್ತದೆ. ಹುಬ್ಬಿನ ಕೂದಲು ಬೆಳೆಯುವ ಕಾಲ ಕೆಲವೇ ತಿಂಗಳು. ಆದುದರಿಂದಲೇ ಹುಬ್ಬು ಕಣ್ಣಿನ ಮೇಲೆ ಜೋತು ಬೀಳುವುದಿಲ್ಲ.

ರಾಗಿಯ ಹೊಲದಂತೆ ಎಲ್ಲವೂ ಒಟ್ಟಿಗೆ ಬೆಳೆದು ಒಟ್ಟಿಗೆ ಕೊಯ್ಲಿಗೆ ಬರುವ ಲೆಕ್ಕ ಇಲ್ಲಿಲ್ಲ. ತೆಂಗಿನ ಮರವನ್ನು ನೋಡಿರಿ. ಒಂದು ಗರಿ ಒಣಗಿ ಬೀಳುವಾಗ ಸುಳಿಯಲ್ಲಿ ಇನ್ನೊಂದು ಬಿಚ್ಚುತ್ತಿರುತ್ತದೆ, ಮರ ಬೋಳಾಗುವುದಿಲ್ಲ. ತಲೆಯೂ ಹಾಗೆಯೇ. ನೂರರಲ್ಲಿ 85ರಿಂದ 90 ಕೂದಲು ಬೆಳೆಯುತ್ತಿದ್ದರೆ ಉಳಿದವುಗಳಲ್ಲಿ ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರಿಗೆ ಅಷ್ಟೂ ಒಂದೇ ದಿನ ಕಾಣಿಸಿಕೊಂಡು ಭಯವಾಗುತ್ತದೆ.

ಈಗ ದೇಹಕ್ಕೆ ದೊಡ್ಡ ಪೆಟ್ಟು ಬಿತ್ತೆಂದು ಇಟ್ಟುಕೊಳ್ಳಿರಿ. ವಿಷಮಶೀತಜ್ವರ, ಡೆಂಗಿ, ಚಿಕೂನ್‌ಗುನ್ಯ, ದೊಡ್ಡ ಶಸ್ತ್ರಚಿಕಿತ್ಸೆ, ಹಸಿವು, ತಡೆಯಲಾರದ ದುಃಖ, ಯಾವುದಾದರೂ ಆಗಬಹುದು. ಬೆಳೆಯುತ್ತಿದ್ದ ಎಷ್ಟೋ ಕುಳಿಗಳು ಒಮ್ಮೆಗೇ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಆದರೆ ಕೂದಲು ಆಗಲೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಕಳೆದು, ಜ್ವರ ಬಂದದ್ದೂ ಮರೆತ ಮೇಲೆ, ಎಲ್ಲವೂ ಒಟ್ಟಿಗೆ ಉದುರುತ್ತವೆ. ಬರಗಾಲದ ಪೆಟ್ಟು ತೆಂಗಿನ ಫಸಲಿನಲ್ಲಿ ಮುಂದಿನ ವರ್ಷ ತೋರುವುದನ್ನು ತೋಟದವರು ಬಲ್ಲರು, ಇದೂ ಅಂಥದೇ. 2020 ಮತ್ತು 2021ರಲ್ಲಿ ಕೊರೋನಾ ಬಂದು ಹೋದ ಅನೇಕರಿಗೆ ಹೀಗೆಯೇ ಆಯಿತು. ಬಾಣಂತಿಯ ವಿಷಯದಲ್ಲಿ ಇನ್ನೊಂದು ಕಾರಣವುಂಟು. ಬಸುರಿನಲ್ಲಿ ದೇಹದ ರಸಗಳು ಕೂದಲನ್ನು ಬೆಳೆಯುವ ಸ್ಥಿತಿಯಲ್ಲಿಯೇ ಹಿಡಿದಿಡುತ್ತವೆ. ಹೆರಿಗೆಯಾದ ಮೇಲೆ ಆ ಹಿಡಿತ ಸಡಿಲುತ್ತದೆ, ಉದುರಬೇಕಾಗಿದ್ದ ಬಾಕಿಯೆಲ್ಲ ಒಟ್ಟಿಗೆ ಉದುರುತ್ತದೆ.

ಬಿದ್ದ ಕೂದಲಿನ ತುದಿಯಲ್ಲಿ ಬಿಳಿಯ ಗಂಟು ಕಂಡರೆ ‘ಬೇರು ಸಮೇತ ಕಿತ್ತು ಬಂತು’ ಎಂದು ಅಳಬೇಡಿರಿ. ಅದು ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು. ಹೊಸ ಕೂದಲು ಹುಟ್ಟುವ ಕುಳಿ ಒಳಗೇ ಇದೆ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ಮೋಟು ಕೂದಲು ನಿಂತಿರುವುದು ಕಂಡರೆ ಅದೇ ಹೊಸ ಬೆಳೆ. ತಿಂಗಳಿಗೆ 1 ಸೆಂಟಿಮೀಟರಿನಂತೆ ಅದು ಜಡೆಗೆ ಸೇರಲು ವರ್ಷಕ್ಕೂ ಮೇಲೆ ಬೇಕು.

ಎಣ್ಣೆಯ ವ್ಯಾಪಾರ ನಡೆಯುವುದು ಇಲ್ಲಿಯೇ. ಕೂದಲು ಬಹಳ ಉದುರುವಾಗ ಎಣ್ಣೆ ಕೊಳ್ಳುತ್ತೀರಿ. ಎರಡು ತಿಂಗಳಿಗೆ ಉದುರುವುದು ತಾನಾಗಿ ನಿಂತರೆ ಕೀರ್ತಿ ಸೀಸೆಗೆ! ಮನೆಯ ಕೊಬ್ಬರಿ ಎಣ್ಣೆ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಕೂದಲು ನಯವಾಗಿ, ತುಂಡಾಗುವುದು ಕಡಿಮೆಯಾಗುತ್ತದೆ. ಆ ನೂರಾರು ರೂಪಾಯಿಯನ್ನು ಬೇಳೆ, ಮೊಟ್ಟೆ, ಸೊಪ್ಪಿಗೆ ಹಾಕಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣಾಂಶದ ಕೊರತೆಯಿಂದಲೂ ಕೂದಲು ಉದುರಬಹುದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಗೂಡಿನಲ್ಲಿಡದೆ ನುಂಗಿರಿ, ಅದರ ಜೊತೆ ಚಹಾ ಕುಡಿಯಬೇಡಿರಿ. ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತವನ್ನೂ ಥೈರಾಯಿಡನ್ನೂ ಪರೀಕ್ಷೆ ಮಾಡಿಸಬೇಕು.

ಮೂರು ತಿಂಗಳ ಲೆಕ್ಕಕ್ಕೆ ಸಿಗದೆ ಕೆಲವೇ ದಿನಗಳಲ್ಲಿ ಕೂದಲು ಹಿಡಿಹಿಡಿಯಾಗಿ ಬಂದರೆ ವಿಷಯ ಬೇರೆ. ಬೆಳೆಯುತ್ತಿರುವ ಬುಡಕ್ಕೇ ವಿಷ ತಗುಲಿದಾಗ ಹೀಗಾಗುತ್ತದೆ. ಸುಬಾಬುಲ್ ಸೊಪ್ಪನ್ನೇ ಹೆಚ್ಚಾಗಿ ಮೇಯಿಸಿದ ದನದ ಬಾಲದ ಕೂದಲು ಉದುರುವುದು ಇದೇ ಬಗೆ. ಆ ಸೊಪ್ಪಿನಲ್ಲಿರುವ ಮಿಮೋಸಿನ್ ಎಂಬ ವಸ್ತು ಕೂದಲ ಬುಡದ ಕೆಲಸವನ್ನು ತಡೆಯುತ್ತದೆ. 2024ರ ಕೊನೆ ಮತ್ತು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ ಜನರ ತಲೆ ದಿನಗಳಲ್ಲಿಯೇ ಬೋಳಾಯಿತು. ಮೊದಲು ನೀರಿನ ಮೇಲೆ, ಶಿಲೀಂಧ್ರದ ಮೇಲೆ ಅನುಮಾನ ಬಂತು. ಪರೀಕ್ಷೆಯಲ್ಲಿ ಅವರ ರಕ್ತದಲ್ಲಿಯೂ ಕೂದಲಿನಲ್ಲಿಯೂ ಸೆಲೆನಿಯಂ ಎಂಬ ಧಾತು ಹೆಚ್ಚಾಗಿರುವುದು ಕಂಡಿತು. ಕಣದಷ್ಟು ದೇಹಕ್ಕೆ ಬೇಕಾದ ಈ ಧಾತು ಮಿತಿ ಮೀರಿದರೆ ಕೂದಲನ್ನೂ ಉಗುರನ್ನೂ ಕೆಡಿಸುತ್ತದೆ. ನಿಮ್ಮೂರಿನಲ್ಲಿ ಒಂದೇ ಕಾಲಕ್ಕೆ ಹಲವರಿಗೆ ಹೀಗಾದರೆ ಕೂಡಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ತಿನ್ನುತ್ತಿದ್ದ ಧಾನ್ಯವನ್ನೂ ಕುಡಿಯುವ ನೀರನ್ನೂ ಪರೀಕ್ಷೆಗೆ ತೆಗೆದಿಡಿರಿ.

ಗಂಡಸರ ನೆತ್ತಿ ಬೋಳಾಗುವುದು ನಿಧಾನದ ಕೆಲಸ. ವಂಶದಿಂದ ಬಂದ ಗುಣದಂತೆ ಬೆಳೆಯುವ ಕಾಲ ಸರದಿಯಿಂದ ಸರದಿಗೆ ಕಡಿಮೆಯಾಗಿ, ಕೂದಲು ನವಿರಾಗುತ್ತ ಹೋಗುತ್ತದೆ. ಇದಕ್ಕೆ ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧವುಂಟು. ಬಿಟ್ಟರೆ ಬಂದದ್ದೂ ಹೋಗುತ್ತದೆ. ಆದುದರಿಂದ ವೈದ್ಯರನ್ನು ಕೇಳಿ, ಖರ್ಚು ಲೆಕ್ಕ ಹಾಕಿ ಆರಂಭಿಸಿರಿ. ಬೋಳು ತಲೆ ರೋಗವೇನೂ ಅಲ್ಲ.

ಮಕ್ಕಳ ತಲೆಯಲ್ಲಿ ಹೊಟ್ಟು ಎದ್ದು ಬಿಲ್ಲೆಬಿಲ್ಲೆಯಾಗಿ ಕೂದಲು ಹೋದರೆ ಮಾತ್ರ ತಡಮಾಡಬೇಡಿರಿ. ಅದು ಹೆಚ್ಚಾಗಿ ಹುಳುಕಡ್ಡಿ, ಒಬ್ಬರಿಂದೊಬ್ಬರಿಗೆ ಅಂಟುತ್ತದೆ. ಮುಲಾಮು ಕುಳಿಯ ಆಳಕ್ಕೆ ಮುಟ್ಟದಾದ್ದರಿಂದ ವೈದ್ಯರು ಹೇಳಿದಷ್ಟು ವಾರ ಮಾತ್ರೆ ನುಂಗಿಸಬೇಕು, ಅಲ್ಲಿಯವರೆಗೆ ಆ ಮಗುವಿನ ಬಾಚಣಿಗೆ, ಟವೆಲು ಬೇರೆಯಾಗಿರಲಿ.