ಬೆಟ್ಟದ ಗೆರೆ ತೋರಿಸುವ ದಾರಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಷೈಯೆನ್ ಮತ್ತು ಲಾರಮಿ ಊರುಗಳ ನಡುವೆ, ಬಂಡೆಯ ಸೀಳಿನಿಂದಲೇ ಎದ್ದ ಪೈನ್ ಮರವೊಂದಿದೆ. ‘ಟ್ರೀ ರಾಕ್’ ಎಂದು ಹೆಸರು. ಮೊದಲು ಯೂನಿಯನ್ ಪೆಸಿಫಿಕ್ ರೈಲು ಅದರ ಪಕ್ಕದಲ್ಲೇ ಓಡುತ್ತಿತ್ತು. 1901ರಲ್ಲಿ ಹಳಿ ಬೇರೆ ಕಡೆಗೆ ಹೋಯಿತು, ಹಳಿ ಕಿತ್ತ ಜಾಗ ಮೋಟಾರು ರಸ್ತೆಯಾಯಿತು. ಇಂದು 80ನೇ ಇಂಟರ್‌ಸ್ಟೇಟ್ ಹೆದ್ದಾರಿಯ ಎರಡು ಕವಲುಗಳು ಮರವನ್ನು ನಡುವೆ ಬಿಟ್ಟು ಸಾಗುತ್ತವೆ. ಈ ಮರ ಕಾಣುವ ಹಳೆಯ ಫೋಟೊ ಸಿಕ್ಕರೆ ಜಾಗ ಹುಡುಕಬೇಕಾಗಿಯೇ ಇಲ್ಲ. ಆದರೆ ಮಣ್ಣಿನ ದಾರಿ, ಒಂದು ಕಾರು, ಹಿಂದೆ ಒಂದು ಗುಡ್ಡ, ಇಷ್ಟೇ ಇರುವ ಫೋಟೊ ಸಿಕ್ಕರೆ? ಅಂಥ ಚಿತ್ರದ ಜಾಗವನ್ನು ನೆಲದ ಮೇಲೆ ಗುರುತಿಸುವುದೇ ಒಂದು ಕಸುಬು. ಲಿಂಕನ್ ಹೈವೇಯ ಹಿಂದೆ ಬಿದ್ದವರು ಅದನ್ನು ಪ್ರೀತಿಯಿಂದ ಬೆಳೆಸಿದ್ದಾರೆ.

ಲಿಂಕನ್ ಹೈವೇ ಹುಟ್ಟಿದ್ದು 1913ರಲ್ಲಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಿಂದ ಸ್ಯಾನ್ ಫ್ರಾನ್ಸಿಸ್ಕೊದ ಲಿಂಕನ್ ಪಾರ್ಕಿನವರೆಗೆ 3,389 ಮೈಲಿ. ಕಾರ್ಲ್ ಫಿಶರ್ ಅವರ ಕನಸಿಗೆ ಪ್ಯಾಕಾರ್ಡ್ ಕಾರು ಕಂಪನಿಯ ಹೆನ್ರಿ ಜಾಯ್ ನಾಯಕತ್ವ ಕೊಟ್ಟರು. ಹೆಸರು ‘ಹೈವೇ’ ಆದರೂ ಆಗ ಅದು ಇದ್ದ ಗಾಡಿದಾರಿಗಳನ್ನೂ ಊರಿನ ಬೀದಿಗಳನ್ನೂ ಜೋಡಿಸಿದ ಸರಪಳಿ, ಅಷ್ಟೆ. ಎಲ್ಲಿ ಕೆಸರು ಹೆಚ್ಚೋ, ಎಲ್ಲಿ ತಿರುವು ಕಡಿದೋ, ಅಲ್ಲಿ ವರ್ಷ ಕಳೆದಂತೆ ದಾರಿ ಬದಲಾಯಿತು. 1926ರಲ್ಲಿ ಹೆದ್ದಾರಿಗಳಿಗೆ ಸಂಖ್ಯೆಗಳು ಬಂದವು, ಹೆಸರು ಹಿಂದೆ ಸರಿಯಿತು. 1928ರಲ್ಲಿ ಬಾಯ್ ಸ್ಕೌಟ್ ಹುಡುಗರು ದಾರಿಯುದ್ದಕ್ಕೂ ಕಾಂಕ್ರೀಟು ಕಂಬಗಳನ್ನು ನೆಟ್ಟರು ನಿಜ. ಆದರೆ ಅವು 1928ರ ದಾರಿಯನ್ನು ತೋರಿಸುತ್ತವೆ. ಮೊದಲ ವರ್ಷಗಳ ದಾರಿ ಬೇಕೆಂದರೆ ಫೋಟೊಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಲಿಂಕನ್ ಹೈವೇ ಸಂಘದ 3,000ಕ್ಕೂ ಹೆಚ್ಚು ಚಿತ್ರಗಳನ್ನು ಮಿಷಿಗನ್ ವಿಶ್ವವಿದ್ಯಾಲಯ ಕಾಪಾಡಿ, ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಏರಿಸಿದೆ.

ಹುಡುಕಾಟ ಶುರುವಾಗುವುದು ದಿಗಂತದಿಂದ. ಕಾರು, ಕಂಬ, ಅಂಗಡಿ ಹೋಗಿರುತ್ತವೆ. ಬೆಟ್ಟದ ಗೆರೆ ಹಾಗೇ ಇರುತ್ತದೆ. ಈಗ ಉಪಗ್ರಹ ನಕ್ಷೆಯಲ್ಲಿ ಯಾವ ಜಾಗದಿಂದ ಯಾವ ಬೆಟ್ಟ ಹೇಗೆ ಕಾಣುತ್ತದೆಂದು ಮನೆಯಲ್ಲೇ ಕೂತು ನೋಡಬಹುದು. ಇದರಿಂದ ಹುಡುಕುವ ಪ್ರದೇಶ ಒಂದೆರಡು ಮೈಲಿಗೆ ಇಳಿಯುತ್ತದೆ. ಉಳಿದದ್ದು ಕಾಲಿನ ಕೆಲಸ. ಫೋಟೊದಲ್ಲಿ ಹತ್ತಿರದ ಒಂದು ಬಂಡೆ, ದೂರದ ಒಂದು ಶಿಖರ ಆರಿಸಿಕೊಳ್ಳಬೇಕು. ನೀವು ಒಂದು ಹೆಜ್ಜೆ ಎಡಕ್ಕೆ ಸರಿದರೆ ಶಿಖರ ಇದ್ದಲ್ಲೇ ಇರುತ್ತದೆ, ಬಂಡೆ ಮಾತ್ರ ಅದರ ಎದುರು ಬಲಕ್ಕೆ ಜರುಗಿದಂತೆ ಕಾಣುತ್ತದೆ. ಕುಳಿತರೆ ಬಂಡೆ ಮೇಲೇರಿ ಶಿಖರವನ್ನು ಮುಚ್ಚುತ್ತದೆ, ಎದ್ದರೆ ಇಳಿಯುತ್ತದೆ. ಮುದ್ರಿತ ಚಿತ್ರವನ್ನು ಕೈಯಲ್ಲಿ ಹಿಡಿದು, ಎರಡೂ ಸರಿಯಾಗಿ ಕೂಡುವವರೆಗೆ ಹೀಗೆ ಸರಿಯುತ್ತಾ ಹೋಗಬೇಕು. ಇಲ್ಲಿ ಜೂಮ್ ಲೆನ್ಸಿನಿಂದ ಪ್ರಯೋಜನವಿಲ್ಲ: ಅದು ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸುತ್ತದೆಯೇ ಹೊರತು ಬಂಡೆಗೂ ಶಿಖರಕ್ಕೂ ಇರುವ ಸಂಬಂಧವನ್ನು ಬದಲಿಸುವುದಿಲ್ಲ. ಕೊನೆಗೆ ನೆರಳು. ಗುಡ್ಡದ ಮಡಿಕೆಗಳಲ್ಲಿ ನೆರಳು ಬಿದ್ದ ರೀತಿಯಿಂದ ದಿನದ ಹೊತ್ತು, ಋತು ಅಂದಾಜಿಗೆ ಸಿಗುತ್ತವೆ.

ಈ ವಿಧಾನವನ್ನು ಹದಕ್ಕೆ ತಂದವರಲ್ಲಿ ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮುಖ್ಯರು. 1870ರ ದಶಕದ ಭೂವಿಜ್ಞಾನ ಸಮೀಕ್ಷೆಯ ಚಿತ್ರಗಳನ್ನು ಅವರ ತಂಡ 1977ರಿಂದ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆಯಿತು. ಅಲ್ಲೇ ಪೋಲರಾಯ್ಡ್ ಪ್ರಿಂಟು ತೆಗೆದು, ಹಳೆಯದರ ಪಕ್ಕ ಇಟ್ಟು, ಅಳತೆ ಹಿಡಿದು ಹೋಲಿಸುತ್ತಿದ್ದರು.

ಲಿಂಕನ್ ಹೈವೇ ದಾಟುತ್ತಿದ್ದ ಕ್ಯಾಲಿಫೋರ್ನಿಯಾದ ಡಾನರ್ ಪಾಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. 7,000 ಅಡಿಗೂ ಎತ್ತರದಲ್ಲಿರುವ ಈ ಬೆಟ್ಟದಲ್ಲಿ ಎಲ್ಲೆಲ್ಲೂ ಗ್ರಾನೈಟು. ಅಲ್ಲಿ ಬಂಡೆಯ ಒಂದು ಬಿರುಕೂ ಗುರುತಾಗಬಲ್ಲದು. 1860ರ ದಶಕದಲ್ಲಿ ಆಲ್ಫ್ರೆಡ್ ಹಾರ್ಟ್ ಇಲ್ಲಿ ರೈಲುಮಾರ್ಗದ ಕೆಲಸವನ್ನು ಚಿತ್ರಿಸಿದ್ದರು. ಚೀನಾದಿಂದ ಬಂದ ಕೂಲಿಗಳು ಕಟ್ಟಿದ ಕಲ್ಲಿನ ತಡೆಗೋಡೆ ‘ಚೀನಾ ವಾಲ್’ ಇಂದಿಗೂ ನಿಂತಿದೆ. ಹಾಗಾಗಿ ಫೋಟೊದ ಒಂದು ಮೂಲೆಯಲ್ಲಿ ಆ ಗೋಡೆ ಇಣುಕಿದರೂ ಸಾಕು. ಮೊದಲು ಮೋಟಾರಿನವರು ರೈಲು ಹಳಿಯನ್ನು, ಹಿಮ ತಡೆಯಲು ಅದರ ಮೇಲೆ ಕಟ್ಟಿದ್ದ ಹಿಮಚಪ್ಪರದ ಒಳಗೇ ದಾಟಬೇಕಿತ್ತು. ಕಾರು ನಿಲ್ಲಿಸಿ, ಚಪ್ಪರದ ಬಾಗಿಲು ಸರಿಸಿ, ರೈಲಿನ ಸದ್ದಿಗೆ ಕಿವಿಗೊಟ್ಟು, ಆಮೇಲೆ ಮುಂದೆ. 1914ರಲ್ಲಿ ಹಳಿಯ ಕೆಳಗೆ ಸಣ್ಣ ಕಿಂಡಿ ಕೊರೆದ ಮೇಲೆ ಆ ಪ್ರಾಣಭಯ ತಪ್ಪಿತು. ಆ ಕಿಂಡಿ ಈಗಲೂ ಇದೆ, ನಡೆದು ಹೋಗಬಹುದು. ಹಿಮ ನೋಡಲು ಟಾಹೋ ಸರೋವರದ ಕಡೆಗೆ ಹೊರಡುವ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ಇಂಟರ್‌ಸ್ಟೇಟಿನಲ್ಲಿ ಅದರ ಹತ್ತಿರದಲ್ಲೇ ಹಾದುಹೋಗುತ್ತಾರೆ. ಬೇಸಿಗೆಯಲ್ಲೊಮ್ಮೆ ಘಟ್ಟದ ಮೇಲೆ ಹಾದುಹೋಗುವ ಹಳೆಯ 40ನೇ ಹೆದ್ದಾರಿಗೆ ಇಳಿದು, ಒಂದು ಹಳೆಯ ಚಿತ್ರದ ಪ್ರತಿ ಹಿಡಿದು ಅಲ್ಲಿ ಓಡಾಡಲಿ ಎಂಬುದು ನನ್ನ ಆಸೆ.

ಎಚ್ಚರವೂ ಬೇಕು. ಫೋಟೊದ ಕೆಳಗೆ ಬರೆದದ್ದನ್ನು ಮೊದಲು ನಂಬಬಾರದು. ‘ಸಮ್ಮಿಟ್ ಬಳಿ’ ಎಂದಿದ್ದರೆ ಅದು ಯಾವ ಘಟ್ಟವೂ ಆಗಿರಬಹುದು. ಗಾಜಿನ ನೆಗೆಟಿವ್ ತಿರುಗಿಹೋಗಿ ಎಡಬಲ ಅದಲುಬದಲಾದ ಪ್ರಿಂಟುಗಳೂ ಇರುತ್ತವೆ. ಬೆಟ್ಟ ಏನು ಮಾಡಿದರೂ ಹೊಂದದಿದ್ದಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕು. ಪೋಸ್ಟ್‌ಕಾರ್ಡ್ ಅಚ್ಚುಹಾಕುವವರು ಅಂದಕ್ಕಾಗಿ ತಂತಿಕಂಬ ಅಳಿಸಿ ಮೋಡ ಬರೆಯುತ್ತಿದ್ದರು. ಯೂಟಾದ ಉಪ್ಪಿನ ಬಯಲಿನಂಥ ಕಡೆ ಈ ಕಸುಬಿನ ಶಕ್ತಿಯೇ ಕುಂದುತ್ತದೆ. ಅಲ್ಲಿ ಹತ್ತಿರದ ಬಂಡೆಯೇ ಇಲ್ಲ, ದೂರದ ಬೆಟ್ಟವೊಂದೇ ಆಧಾರ. ಸಾಲದ್ದಕ್ಕೆ ಹಳೆಯ ದಾರಿಯ ಒಂದು ಭಾಗ ಡಗ್‌ವೇ ಸೇನಾ ಪ್ರದೇಶದ ಬೇಲಿಯೊಳಗಿದೆ.

ಇನ್ನೂ ಎಷ್ಟೋ ಚಿತ್ರಗಳು ಮನೆಗಳ ಆಲ್ಬಮ್ಮುಗಳಲ್ಲೇ ಇವೆ. ಅಂಥದ್ದನ್ನು ಸ್ಕ್ಯಾನ್ ಮಾಡುವವರು ಕಾರು, ಮುಖ ಚೆನ್ನಾಗಿ ಕಾಣಲೆಂದು ಅಂಚು ಕತ್ತರಿಸಬಾರದು, ಹಿಂಬದಿಯ ಬರಹವನ್ನೂ ಬಿಡಬಾರದು. ಆಲ್ಬಮ್ಮಿನಲ್ಲಿ ಆ ಚಿತ್ರದ ಹಿಂದೆ ಮುಂದೆ ಯಾವುದಿತ್ತು ಎಂಬುದನ್ನೂ ಗುರುತು ಹಾಕಿಡಬೇಕು, ಏಕೆಂದರೆ ಒಂದೇ ಪ್ರಯಾಣದ ಚಿತ್ರಗಳಲ್ಲಿ ಒಂದರ ಜಾಗ ಸಿಕ್ಕರೆ ಪಕ್ಕದ್ದು ಅಲ್ಲಿಂದ ಎಷ್ಟು ದೂರವಿರಬಹುದೆಂದು ಊಹಿಸಬಹುದು.